ಮೆಟ್ಟಿಲವರೆಗೆ ಬಂದ ಮುದ್ದಣ್ಣ

ನಮ್ಮ ಕಾಪುವಿನ ಸುಕೇಶನಿಗೆ ಎಂತ ಕೆಲಸ ಎಂದು ಕೇಳಿದರೆ ಊರಿನವರಿಗೆ ಇವತ್ತಿಗೂ ಸರಿಯಾಗಿ ಹೇಳಲಿಕ್ಕೆ ಬರುವುದಿಲ್ಲ. "ಕಂಪ್ಯೂಟರಿನಲ್ಲಿ ಹೂ ಬೀಳಿಸುತ್ತಾನೆ" ಎನ್ನುತ್ತಾರೆ. ತಮಾಷೆಯಲ್ಲ, ಅದೇ ಕೆಲಸ. ಕಾರ್ಕಳದ ಮದುವೆ ಹಾಲ್‌ನಲ್ಲಿ ಮದುಮಕ್ಕಳ ಹಿಂದೆ ದೊಡ್ಡ ಪರದೆಯಲ್ಲಿ ದೀಪ ಉರಿಯುತ್ತದಲ್ಲ, ಮಲ್ಲಿಗೆ ಉದುರುತ್ತದಲ್ಲ, ಅದನ್ನು ಮಾಡುವವನು ಇವನು. ಪರದೆಯನ್ನು ಬಾಡಿಗೆಗೆ ಕೊಡುವವನು ನಾನು, ದೂಮಪ್ಪ. ಪರದೆ ಕೈಕೊಟ್ಟರೆ ಬೈಗುಳ ನನಗೆ, ಹೂ ಚೆಂದ ಬಿದ್ದರೆ ಹೊಗಳಿಕೆ ಅವನಿಗೆ. ಇರಲಿ.

ಚಿತ್ರ ಇರುವುದು ಹತ್ತೇ ಸೆಕೆಂಡು. ಅದು ಮುಹೂರ್ತದಿಂದ ಊಟದವರೆಗೆ ತಿರುಗುತ್ತಲೇ ಇರಬೇಕು. ಎಲ್ಲಿ ಮುಗಿಯಿತು, ಎಲ್ಲಿ ಪುನಃ ಶುರುವಾಯಿತು ಎಂದು ಯಾರಿಗೂ ತಿಳಿಯಬಾರದು. ಲೂಪ್ ಎಂದರೆ ಅದು. ಅದರಲ್ಲಿ ಸುಕೇಶನದು ಎತ್ತಿದ ಕೈ. ಬೇರೆಯವರು ಚಿತ್ರವನ್ನು ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಓಡಿಸಿ ಕೈತೊಳೆದುಕೊಳ್ಳುತ್ತಾರೆ. ಅದನ್ನು ಕಂಡರೆ ಇವನಿಗೆ ಮೈ ಉರಿ. "ಉದುರಿದ ಹೂ ವಾಪಸು ಗಿಡಕ್ಕೆ ಹೋಗ್ತದಾ ದೂಮಣ್ಣ? ಇದು ಸೋಮಾರಿಗಳ ಕೆಲಸ" ಎನ್ನುತ್ತಿದ್ದ.

ಅವನ ಅಪ್ಪ ಮುದ್ದಣ್ಣ ಮಸ್ಕತ್ತಿನಲ್ಲಿ ಲಾರಿ ಓಡಿಸಿ ಊರಿಗೆ ಬಂದು ಕೂತವರು. ಬಾಯಿ ತುಂಬ ಮಾತು. "ಹೂ, ದೀಪ ಸಾಕು ಮಾರಾಯ, ನಿನ್ನ ಪರದೆಯಲ್ಲಿ ನನ್ನನ್ನೊಮ್ಮೆ ಹಾಕು, ಲಕ್ಷಣವಾಗಿಲ್ವಾ ನಾನು?" ಎಂದು ಮಗನನ್ನು ಕೆಣಕುವುದು. ಹಾಕುವ ಯೋಗ ಬಂದದ್ದು ಅವರ ಬೊಜ್ಜಕ್ಕೆ, ಎಂದರೆ ಉತ್ತರಕ್ರಿಯೆಗೆ. ಒಂದು ಬೆಳಿಗ್ಗೆ ಎದೆನೋವು ಎಂದರು, ಮಣಿಪಾಲ ಮುಟ್ಟುವ ಮೊದಲೇ ಹೋಗಿಬಿಟ್ಟರು.

ಉತ್ತರಕ್ರಿಯೆಯ ತಯಾರಿಯಲ್ಲಿ ಸುಕೇಶನ ತಾಯಿ ವಿನೋದಕ್ಕ ಕೇಳಿದ್ದು ಒಂದೇ. "ಮಾಲೆ ಹಾಕಿದ ಪಟ ನೋಡಿ ನೋಡಿ ಸಾಕಾಯಿತು ಮಗಾ. ಅವರು ನಡೆದು ಮನೆಗೆ ಬರುವುದನ್ನು ನನಗೊಮ್ಮೆ ಕಾಣಬೇಕು."

ಎಷ್ಟೋ ಜನರ ಮದುವೆಗೆ ದೀಪ ಹಚ್ಚಿದ ಮಗನ ಹತ್ತಿರ ಅಪ್ಪನ ವಿಡಿಯೋ ಇದ್ದದ್ದು ಒಂದೇ ಒಂದು! ಮುದ್ದಣ್ಣ ಮೀನಿನ ಚೀಲ ಹಿಡಿದು ಗೇಟು ದಾಟಿ ಅಂಗಳದಲ್ಲಿ ನಡೆದು ಬರುತ್ತಾರೆ, ಮನೆಯ ಮೆಟ್ಟಿಲ ಹತ್ತಿರ ಮುಟ್ಟುತ್ತಾರೆ. ಅಲ್ಲಿಗೆ ಮುಗಿಯಿತು. ಬನ್ನಂಜೆಯ ತನ್ನ ಕೆಲಸದ ಕೋಣೆಯಲ್ಲಿ ಕೂತು ಸುಕೇಶ ಏನೆಲ್ಲ ಮಾಡಿದ. ಮೆಟ್ಟಿಲ ಹತ್ತಿರ ಇದ್ದ ಮನುಷ್ಯ ಒಮ್ಮೆಲೇ ಗೇಟಿನಲ್ಲಿ ಕಂಡರೆ ಭೂತ ಕಂಡ ಹಾಗೆ ಆಗುತ್ತದಲ್ಲ. ಕೊನೆಗೆ ಸೋಮಾರಿಗಳ ಉಪಾಯವನ್ನೇ ಹಿಡಿದ, ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ. ಪುರಾಣ ಹೇಳಲಿಕ್ಕೆ, ಬದನೆಕಾಯಿ ತಿನ್ನಲಿಕ್ಕೆ ಎಂದು ನಾನು ಮನಸ್ಸಿನಲ್ಲೇ ಬೈದೆ. ಹೊರಗೆ ಹೇಳುವ ಸಮಯ ಅದಲ್ಲ.

ಬೊಜ್ಜದ ದಿನ ಅಂಗಳದ ಚಪ್ಪರದಲ್ಲಿ ನನ್ನ ಪರದೆ ನಿಂತಿತು. ಮುದ್ದಣ್ಣ ಬಂದರು, ಮೆಟ್ಟಿಲವರೆಗೆ ಬಂದು ನಿಧಾನಕ್ಕೆ ಹಿಂದೆ ಸರಿದು ಗೇಟಿಗೆ ಹೋದರು, ಪುನಃ ಬಂದರು. ನೆಂಟರೆಲ್ಲ "ಅಬ್ಬಾ, ಎದುರು ಬಂದ ಹಾಗೆಯೇ ಉಂಟು!" ಎಂದು ಕಣ್ಣೊರೆಸಿಕೊಂಡರು. ವಿನೋದಕ್ಕ ಮಾತ್ರ ಕುರ್ಚಿ ಎಳೆದು ಪರದೆಯ ಎದುರೇ ಕೂತರು. ತುಂಬ ಹೊತ್ತು ನೋಡಿದರು.

"ಎಂತ ಮಗಾ ಇದು?" ಎಂದರು. "ಸಂಜೆಗೆ ಅವರನ್ನು ಒಳಗೆ ಕರೆಯಲಿಕ್ಕೆ ಉಂಟು. ನೀನು ಮೆಟ್ಟಿಲವರೆಗೆ ಕರೆದು ಕರೆದು ವಾಪಸು ಕಳಿಸ್ತಾ ಇದ್ದೀಯಲ್ಲ?"

ನಮ್ಮ ಕಡೆ ಬೊಜ್ಜದ ಸಂಜೆ ಒಳಗೆ ಎಲೆ ಹಾಕಿ ಬಡಿಸಿ, ಬಾಗಿಲಲ್ಲಿ ನಿಂತು, ತೀರಿಹೋದವರನ್ನು ಮನೆಯೊಳಗೆ ಕರೆಯುವ ಕ್ರಮ ಉಂಟು. ಅಷ್ಟು ಗೊತ್ತಿದ್ದೂ ನಮಗೆ ಇಬ್ಬರಿಗೂ ಇದು ಹೊಳೆಯಲಿಲ್ಲ. ನಾನು ಓಡಿಹೋಗಿ ಪರದೆ ಆರಿಸಿದೆ.

ಸುಕೇಶ ಬಾವಿಕಟ್ಟೆಯ ಹತ್ತಿರ ಮುಖ ಮುಚ್ಚಿ ನಿಂತಿದ್ದ. "ಬಿಡು ಮಾರಾಯ, ಬೇಕೆಂದು ಮಾಡಿದ್ದಾ?" ಎಂದೆ.

"ವಿಡಿಯೋ ಮೆಟ್ಟಿಲಲ್ಲಿ ಯಾಕೆ ನಿಂತಿದೆ ಗೊತ್ತುಂಟಾ ದೂಮಣ್ಣ? ನಾನೇ ನಿಲ್ಲಿಸಿದ್ದು. ಒಂದು ಮದುವೆಗೆ ಹಳ್ಳಿ ಮನೆಯ ಲೂಪ್ ಬೇಕಿತ್ತು, ಪಪ್ಪನನ್ನು ನಡೆಸಿ ತೆಗೆದೆ. ಬೆಳಕು ಸರಿ ಬರಲಿಲ್ಲ, ಪುನಃ ಗೇಟಿನಿಂದ ಬನ್ನಿ ಎಂದೆ. ಮೊಣಕಾಲು ನೋವು, ನಾಳೆ ಬರ್ತೇನೆ ಎಂದರು. ನಿಮ್ಮಿಂದ ಒಂದು ಕೆಲಸ ಆಗುವುದಿಲ್ಲ ಎಂದು ಬೈದು ಒಳಗೆ ಹೋದೆ. ಅವರು ಚೀಲ ಹಿಡಿದುಕೊಂಡು ಅಲ್ಲೇ ನಿಂತಿದ್ದರು."

ನಾನು ಬಾವಿಯಿಂದ ನೀರು ಸೇದಿ ಮುಖ ತೊಳೆಯಲಿಕ್ಕೆ ಕೊಟ್ಟೆ.

ಸಂಜೆ ಎಲೆ ಬಡಿಸಿ ಆಯಿತು. ಕರೆಯಬೇಕಾದವನು ಮಗ. ಸುಕೇಶ ಬಾಗಿಲಲ್ಲಿ ನಿಂತ, ತುಟಿ ಅಲುಗಿತು, ಸ್ವರ ಹೊರಡಲಿಲ್ಲ.

"ಗಟ್ಟಿಯಾಗಿ ಕರೆ ಮಗಾ, ಅವರಿಗೆ ಕಿವಿ ಸ್ವಲ್ಪ ಮಂದ" ಎಂದರು ವಿನೋದಕ್ಕ.

ಆಗ ಕರೆದ. ಆಚೆ ಮನೆಯವರೂ ಹೊರಗೆ ಬಂದು ನೋಡುವ ಹಾಗೆ ಕರೆದ. "ಹಿಂದೆ ಹೋಗುವುದು ಬೇಡ ಪಪ್ಪ. ಬನ್ನಿ, ಒಳಗೆ ಬನ್ನಿ" ಎನ್ನುತ್ತ ಆ ಮೆಟ್ಟಿಲ ಮೇಲೇ ಕುಸಿದು ಕುಳಿತ.