ಅಂಚಿಗಂಟಿದ ಸಕ್ಕರೆ

ನಮ್ಮ ಪೆಪ್ಪರಮಿಂಟು ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಪಾಕದಕ್ಕ ಎಂದೇ ಕರೆಯುತ್ತಿದ್ದೆವು. ಕಾರ್ಖಾನೆ ಅಂದರೆ ದೊಡ್ಡದೇನಲ್ಲ. ಮುಂದೆ ನಾವು ಹೆಂಗಸರು ಕಾಗದ ಸುತ್ತುವ ಮೇಜು, ಹಿಂದೆ ಅವಳು ಪಾಕ ಕಾಯಿಸುವ ಒಲೆಯ ಕೋಣೆ. ಯಜಮಾನ ಅವಳ ಒಡಹುಟ್ಟಿದ ಅಣ್ಣ. ಗಂಡನನ್ನು ಬಿಟ್ಟು ಬಂದ ತಂಗಿಗೆ ತನ್ನ ಮನೆಯ ಅಡುಗೆಕೋಣೆಯ ಮೂಲೆಯಲ್ಲಿ ಚಾಪೆ ಕೊಟ್ಟು, ಅದನ್ನೇ ಊರೆಲ್ಲ ಹೇಳಿಕೊಂಡು ತಿರುಗಿದ ಮಹಾನುಭಾವ.

ಅವಳ ಪೆಪ್ಪರಮಿಂಟು ಮಾತ್ರ ಗಾಜು ಕಣ್ರೀ, ಗಾಜು! ಬೆಳಕಿಗೆ ಹಿಡಿದರೆ ಆಚೆಯ ಬೆರಳು ಕಾಣುತ್ತಿತ್ತು.

“ಅದೇ ಸಕ್ಕರೆ ಅಲ್ವಾ ಅಕ್ಕ, ಹೀಗೆ ಹೇಗಾಗುತ್ತೆ?” ಎಂದು ಒಮ್ಮೆ ಕೇಳಿದ್ದೆ.

“ಸಕ್ಕರೆ ಹರಳಿನೊಳಗೆ ಕಣಗಳೆಲ್ಲ ಸಾಲಾಗಿ ನಿಂತಿರ್ತವೆ ಕಣೇ, ಕಲ್ಲುಪ್ಪಿನ ಹಾಗೆ. ಕಲ್ಲುಪ್ಪು ಒಡೆದು ನೋಡು, ಒಂದೊಂದು ಚೂರಲ್ಲೂ ನೆಟ್ಟನೆಯ ಮೂಲೆ ಇರುತ್ತೆ. ಕರಗಿಸಿ, ಕುದಿಸಿ, ಬೇಗ ಆರಿಸಿಬಿಟ್ರೆ ಸಾಲು ಕಟ್ಟೋಕೆ ಪುರುಸೊತ್ತೇ ಸಿಗಲ್ಲ. ಹೇಗಿದ್ವೋ ಹಾಗೇ ಗಟ್ಟಿ. ಕಿಟಕಿ ಗಾಜೂ ಅಷ್ಟೇ, ಒಡೆದ್ರೆ ಹೇಗೆ ಬೇಕೋ ಹಾಗೆ ಸೀಳುತ್ತೆ. ಆದ್ರೆ ಪಾಕಕ್ಕೆ ಒಂದು ಹರಳು ಬಿತ್ತು ಅನ್ನು, ಉಳಿದವೆಲ್ಲ ಅದರ ಹಿಂದೆ ಸಾಲು ಹಿಡೀತವೆ. ಕಡಾಯಿ ಪೂರ್ತಿ ಮರಳು!”

ಅದಕ್ಕೇ ಅವಳು ಕುದಿಯುವಾಗ ಕಡಾಯಿಯ ಅಂಚಿಗೆ ಸಿಡಿದ ಸಕ್ಕರೆಯನ್ನು ಒದ್ದೆ ಬ್ರಷ್ಷಿನಿಂದ ತೊಳೆಯುತ್ತಲೇ ಇರುತ್ತಿದ್ದಳು. ಇಳಿಸಿದ ಮೇಲೆ ಅಂಚಿನಲ್ಲಿ ಒಣಗಿದ್ದನ್ನು ಯಾರೂ ಮುಟ್ಟುವಂತಿರಲಿಲ್ಲ.

ಹೀಗಿರುವಾಗ ದೊಡ್ಡ ವ್ಯಾಪಾರಿಯೊಬ್ಬರು ಮಾಲು ನೋಡಲು ಬರುತ್ತಾರೆಂದಾಯಿತು. “ಅವರು ಒಪ್ಪಿದ್ರೆ ಒಲೆ ಕೋಣೆ, ಅದರ ಪಕ್ಕದ ಕೋಣೆ ಎರಡೂ ನಿಂದೇ ಕಣಮ್ಮ,” ಎಂದು ಅಣ್ಣ ಮಾತು ಕೊಟ್ಟ. ತನ್ನದೇ ಬಾಗಿಲು, ತನ್ನದೇ ಚಿಲಕ! ಅಕ್ಕ ಆ ಪಕ್ಕದ ಕೋಣೆಯನ್ನು ಗುಡಿಸಿದ್ದೇ ಗುಡಿಸಿದ್ದು, ಒರೆಸಿದ್ದೇ ಒರೆಸಿದ್ದು.

ವ್ಯಾಪಾರಿ ಬಂದ ದಿನ ಪಾಕ ಹದವಾಗಿ ಇಳಿಯಿತು. ಅಕ್ಕ ಪಾಕ ಸುರಿಯುವ ಕಲ್ಲುಚಪ್ಪಡಿಗೆ ಎಣ್ಣೆ ಸವರಲು ತಿರುಗಿದಳು. ಯಜಮಾನನ ಕೈ ಸುಮ್ಮನಿರಬೇಕಲ್ಲ! ಚಮಚ ತೆಗೆದುಕೊಂಡು ಅಂಚಿಗಂಟಿದ್ದನ್ನು ಕರಕರ ಕೆರೆದು ಪಾಕಕ್ಕೆ ಹಾಕಿ ಕಲಕಿದ. “ನಮ್ಮಲ್ಲಿ ಒಂದು ಕಾಳೂ ದಂಡ ಮಾಡಲ್ಲ ಸ್ವಾಮಿ!”

“ಅಣ್ಣಾ, ಬೇಡ!” ಅಕ್ಕ ಕೂಗಿದಳು. ಅಷ್ಟರಲ್ಲಿ ಆಗಬೇಕಾದದ್ದು ಆಗಿತ್ತು. ಕಲ್ಲಿನ ಮೇಲೆ ಸುರಿದ ಪಾಕ ಒಂದು ಬದಿಯಿಂದ ಮಂಜಾಗುತ್ತ ಬಂದು ಪೂರ್ತಿ ಬೆಳ್ಳಗಾಯಿತು. ವ್ಯಾಪಾರಿ ಒಂದು ಚೂರು ಬಾಯಿಗಿಟ್ಟರು. ಪುಡಿಪುಡಿ. “ಇದಕ್ಕಿಂತ ಸಕ್ಕರೆನೇ ಮುಕ್ಕಬಹುದಲ್ರೀ,” ಎಂದರು.

“ಏನ್ಮಾಡ್ಲಿ ಸ್ವಾಮಿ, ಇವಳ ಕೈಗುಣವೇ ಹಾಗೆ. ಗಂಡನ ಮನೆಯಲ್ಲೂ ಹೀಗೇ ಕೆಡಿಸಿಕೊಂಡು ಬಂದಳು,” ಎಂದ ಯಜಮಾನ.

ನನಗೆ ತಡೆಯಲಾಗಲಿಲ್ಲ. “ಕೆರೆದು ಹಾಕಿದ್ದು ನೀವಲ್ವಾ ಯಜಮಾನ್ರೇ?” ಎಂದೆ. “ನೀನು ಕಾಗದ ಸುತ್ತು,” ಎಂದು ಗದರಿದ. ಥೂ, ಅವನ ಬಾಯಿಗೆ ಮಣ್ಣು ಬೀಳ!

ಮಾರನೆಯ ದಿನದಿಂದ ಅಕ್ಕ ನನ್ನ ಪಕ್ಕದಲ್ಲಿ ಕಾಗದ ಸುತ್ತಲು ಕೂತಳು. ಸೌಟು ಯಜಮಾನನ ಕೈಗೆ ಹೋಯಿತು. ಪಾಕ ಮೇಲಿಂದ ಮೇಲೆ ಮರಳಾಯಿತು. ಸಕ್ಕರೆ ಸರಿಯಿಲ್ಲ ಎಂದ, ಒಲೆ ಸರಿಯಿಲ್ಲ ಎಂದ. ಕುಣಿಯಲಾರದವನಿಗೆ ನೆಲ ಡೊಂಕಂತೆ. ಕೊನೆಗೆ ಒಂದು ದಿನ ಮೇಜಿನ ಹತ್ತಿರ ಬಂದು, “ಎಲ್ಲಿ ತಪ್ತಿದೀನಿ ಹೇಳಮ್ಮ. ಆ ಕೋಣೆ ಈಗಲೇ ನಿಂಗೆ ಕೊಡ್ತೀನಿ,” ಎಂದು ಗೋಗರೆದ.

ಅಕ್ಕ ತಲೆ ಎತ್ತಲಿಲ್ಲ. “ನನ್ನ ಕೈಗುಣ ಕೆಟ್ಟದ್ದು ಅಣ್ಣ. ನಾನು ಹತ್ತಿರ ಬಂದ್ರೆ ಪಾಕ ಕೆಡುತ್ತೆ.”

ಅವನು ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಅದೇ ಕರಕರ ಸದ್ದು ಕೇಳಿಸಿತು. “ಹೇಳಿಬಿಡೇ ಅಕ್ಕ, ಕೋಣೆ ಸಿಗುತ್ತೆ,” ಎಂದು ಅವಳ ಮೊಣಕೈ ತಿವಿದೆ. ಅವಳ ಕಣ್ಣು ತುಂಬಿತ್ತು. ಆದರೂ ಇನ್ನೊಂದು ಕಾಗದ ಕೈಗೆತ್ತಿಕೊಂಡಳು.

ಮಾಲು ಕೊಳ್ಳುವವರಿಲ್ಲದೆ ಕಾರ್ಖಾನೆ ಮುಚ್ಚಿತು. ನನ್ನ ಕೂಲಿಯೂ ಹೋಯಿತು, ಅವಳ ಕೋಣೆಯೂ ಹೋಯಿತು. ಬೀಗ ಹಾಕುವ ಮುಂಚೆ ಅಕ್ಕ ಒಲೆಯ ಕೋಣೆಗೆ ಹೋಗಿ, ಬ್ರಷ್ಷನ್ನು ನೀರಿಗೆ ಅದ್ದಿ, ಅಣ್ಣನ ಕಣ್ಣೆದುರೇ ಖಾಲಿ ಕಡಾಯಿಯ ಅಂಚನ್ನು ಸುತ್ತಲೂ ತೊಳೆದಳು.

“ಕುದಿಯುವಾಗ ಇದನ್ನ ಹೀಗೆ ತೊಳೀಬೇಕು. ಆಮೇಲೆ ಕೆರೀಬಾರದು. ಇಷ್ಟೇ ಅಣ್ಣ.”

ಬ್ರಷ್ಷನ್ನು ಅವನ ಕೈಗೆ ಕೊಟ್ಟು, ಅವನ ಅಡುಗೆಮನೆಯ ಪಾತ್ರೆ ತಿಕ್ಕಲು ಹೊರಟಳು.