ಬಟನ್ನಿಗೊಂದು ಹೆಸರು

ಮೊಬೈಲಿನಲ್ಲಿ ಸಿನಿಮಾ ಶುರುವಾಗಬೇಕಾದರೆ ಒಂದು ತ್ರಿಕೋನವನ್ನು ಒತ್ತಬೇಕೆಂಬುದು ತಮಗೆ ಗೊತ್ತೇ ಇದೆ. ಅದನ್ನು ನಿಲ್ಲಿಸಬೇಕಾದರೆ ಅಕ್ಕಪಕ್ಕ ನಿಂತ ಎರಡು ಗೆರೆಗಳು, ಹಿಂದಕ್ಕೆ ಸರಿಸಬೇಕಾದರೆ ತನ್ನ ಬಾಲವನ್ನೇ ಹಿಡಿಯಹೊರಟ ಒಂದು ಬಾಣ. ಈ ಚಿಹ್ನೆಗಳನ್ನು ದಿನಕ್ಕೆ ಹತ್ತಾರು ಸಲ ಮುಟ್ಟುವ ನಾವು ಅವಕ್ಕೊಂದು ಹೆಸರು ಬೇಕೆಂದು ಎಂದಾದರೂ ಯೋಚಿಸಿದ್ದೇವೆಯೇ? ಚಿಕ್ಕಬಳ್ಳಾಪುರದ ಕಾಲೇಜೊಂದರಲ್ಲಿ ಜೀವಮಾನವಿಡೀ ಕನ್ನಡ ಪಾಠ ಹೇಳಿ, ರೂಢನಾಮ, ಅಂಕಿತನಾಮ, ಅನ್ವರ್ಥನಾಮವೆಂದು ವಿದ್ಯಾರ್ಥಿಗಳ ಪ್ರಾಣ ಹಿಂಡಿ ನಿವೃತ್ತನಾದ ನನಗೇ ಅದು ಹೊಳೆದಿರಲಿಲ್ಲ. ಹೆಸರಿಲ್ಲದ ವಸ್ತುವೊಂದು ಮನುಷ್ಯರನ್ನು ಎಷ್ಟು ಸತಾಯಿಸಬಲ್ಲದೆಂಬ ಪಾಠವನ್ನು ನನಗೆ ಮಾಡಿದವಳು ಲೆಕ್ಕದ ಮೇಡಂ ಆಗಿದ್ದ ನನ್ನ ಹೆಂಡತಿ ಪದ್ಮ.

ಪದ್ಮಳ ತವರು ಚಿಂತಾಮಣಿ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಸಿಟ್ಟು ಬಂದಾಗ ಎರಡೂ. ಶಿಡ್ಲಘಟ್ಟದ ಹೈಸ್ಕೂಲಿನಲ್ಲಿ ಗಣಿತ ಕಲಿಸಲು ಇಲ್ಲಿಂದ ದಿನವೂ ಬಸ್ಸಿನಲ್ಲಿ ಓಡಾಡುತ್ತಿದ್ದಳು. ಕಣ್ಣಿನ ಒಳಪದರದ ಕಾಯಿಲೆಯೊಂದು ಅವಳ ನೋಟವನ್ನು ಅಂಚಿನಿಂದ ಒಳಕ್ಕೆ ವರ್ಷವರ್ಷವೂ ಇಷ್ಟಿಷ್ಟೇ ಕತ್ತರಿಸುತ್ತ ಬಂತು. ಕರಿಹಲಗೆಯಲ್ಲಿ ತಾನು ಬರೆದ ಲೆಕ್ಕದ ಮೇಲೆಯೇ ಇನ್ನೊಂದು ಲೆಕ್ಕ ಬರೆಯುತ್ತಿದ್ದೇನೆಂದು ಮಕ್ಕಳ ಬಾಯಿಂದ ತಿಳಿದ ದಿನ ಅವಳು ಸೀಮೆಸುಣ್ಣ ಕೆಳಗಿಟ್ಟು ಮನೆಗೆ ಬಂದಳು. ಆಮೇಲೆ ಆರು ತಿಂಗಳು ಅವಳು ಮಾತಾಡಿದ್ದೇ ಕಡಿಮೆ. ಏಳನೆಯ ತಿಂಗಳು ಬೆಂಗಳೂರಿನ ತರಬೇತಿಯೊಂದಕ್ಕೆ ತಾನಾಗಿಯೇ ಸೇರಿ, ಮೊಬೈಲಿನ ಸ್ಕ್ರೀನ್ ರೀಡರ್ ಕಲಿತು ಬಂದಳು. ಗಾಜಿನ ಮೇಲೆ ಬೆರಳು ಸರಿದಂತೆಲ್ಲ ಅದರಡಿ ಇರುವುದನ್ನು ಗಟ್ಟಿಯಾಗಿ ಓದಿ ಹೇಳುವ ಏರ್ಪಾಡು ಅದು. ಬೇಕಾದ್ದು ಸಿಕ್ಕಾಗ ಎರಡು ಸಲ ತಟ್ಟಿದರೆ ತೆರೆದುಕೊಳ್ಳುತ್ತದೆ. ಆ ಧ್ವನಿಯನ್ನು ಅವಳು ಎಷ್ಟು ವೇಗಕ್ಕೆ ಇಟ್ಟುಕೊಂಡಿದ್ದಾಳೆಂದರೆ ನನ್ನ ಕಿವಿಗೆ ಅದು ಬಾಣಲೆಯಲ್ಲಿ ಸಾಸಿವೆ ಸಿಡಿದ ಹಾಗೆ ಕೇಳಿಸುತ್ತದೆ. ಪತ್ರಿಕೆ, ರೈಲಿನ ವೇಳೆ, ತವರಿನವರ ಜಗಳ ಎಲ್ಲವನ್ನೂ ಹೀಗೆ ತಾನೇ ನಿಭಾಯಿಸತೊಡಗಿದಳು.

ಸಿನಿಮಾ, ಧಾರಾವಾಹಿ ತೋರಿಸುವ ಆ್ಯಪಿನಲ್ಲಿ ಮಾತ್ರ ಅವಳಿಗೆ ನಾನು ಬೇಕಾಗಿದ್ದೆ. ಅದಕ್ಕಾಗಿ ನಾನು ಒಳಗೊಳಗೇ ಹಿಗ್ಗುತ್ತಿದ್ದೆನೆಂಬುದನ್ನು ಈಗ ಒಪ್ಪಿಕೊಂಡುಬಿಡುತ್ತೇನೆ. ಕಾಲೇಜಿನಲ್ಲಿ ಅರ್ಧ ತರಗತಿ ನಿದ್ದೆಯಲ್ಲಿರುತ್ತಿತ್ತು. ಇಲ್ಲಿ ಒಬ್ಬಳೇ ಆದರೂ ಕಿವಿಗೊಟ್ಟು ಕೂರುವ ಶ್ರೋತೃ ಸಿಕ್ಕಿದ್ದಳು. ಮಾತಿಲ್ಲದ ದೃಶ್ಯ ಬಂದರೆ ಸಾಕು, ನಾನು ಗಂಟಲು ಸರಿಮಾಡಿಕೊಂಡು, “ನಾಯಕಿಯ ವದನಾರವಿಂದದಲ್ಲಿ ವಿಷಾದದ ಛಾಯೆ ಪಸರಿಸಿತು” ಎಂದು ವ್ಯಾಖ್ಯಾನ ಆರಂಭಿಸುತ್ತಿದ್ದೆ. ಛಾಯೆ ಪಸರಿಸುವಷ್ಟರಲ್ಲಿ ನಾಯಕಿ ಬಸ್ಸು ಹತ್ತಿ ಮುಂದಿನ ಊರು ಸೇರಿರುತ್ತಿದ್ದಳು.

“ರೀ, ಮುಖ ಸಪ್ಪೆ ಮಾಡ್ಕೊಂಡ್ಳು ಅಂತ ಹೇಳಕ್ಕೆ ನಿಮಗೇನ್ ಕಷ್ಟ?” ಎಂದು ಪದ್ಮ ಗದರುತ್ತಿದ್ದಳು. ನನಗೆ ನಿಜವಾಗಿಯೂ ಕಷ್ಟವೇ ಆಗುತ್ತಿತ್ತು.

ಹೀಗೆ ನಾವಿಬ್ಬರೂ ಒಂದು ಧಾರಾವಾಹಿ ನೋಡುತ್ತಿದ್ದೆವು. ಮಸಾಲೆ ಪುಡಿಗಳ ಅಂಗಡಿ ನಡೆಸುವ ಅಕ್ಕತಂಗಿಯರ ಕಥೆ. ಅದರಲ್ಲಿ ಅಕ್ಕನ ಕಣ್ಣು ಮಂಜಾಗುತ್ತ ಹೋಗುತ್ತದೆ. ಆದರೆ ಆ ವಿಷಯವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅವಳು ಡಬ್ಬದ ಮುಚ್ಚಳ ತೆಗೆದು ಮೂಸಿ ನೋಡುವುದು, ಗೋಡೆ ಸವರುತ್ತ ಒಳಗೆ ಹೋಗುವುದು, ಯಾರಾದರೂ ಬಂದರೆ ಕೈ ಹಿಂದಕ್ಕೆ ಎಳೆದುಕೊಳ್ಳುವುದು, ಎಲ್ಲವೂ ಮೌನದ ದೃಶ್ಯಗಳು. ಮೂರನೆಯ ಕಂತಿನಲ್ಲಿ ಮೊದಲ ಸಲ ಅಂಥದೊಂದು ದೃಶ್ಯ ಬಂದಾಗ ನನ್ನ ನಾಲಗೆ ತಡವರಿಸಿತು. ಕರಿಹಲಗೆ, ಸೀಮೆಸುಣ್ಣ, ಆ ಆರು ತಿಂಗಳು ಒಟ್ಟಿಗೇ ಕಣ್ಣಮುಂದೆ ಬಂದವು. “ಅಕ್ಕ ಒಳಗೆ ಹೋದಳು” ಎಂದಷ್ಟೇ ಹೇಳಿದೆ. ಆಮೇಲಿನ ದೃಶ್ಯಗಳಲ್ಲೂ ಅಕ್ಕ ಬರೀ ಒಳಗೆ ಹೋಗುತ್ತಲೇ ಇದ್ದಳು.

ಕೊನೆಯ ಕಂತು ಬರುವ ದಿನವೇ ನಾನು ಗೌರಿಬಿದನೂರಿನಲ್ಲಿ ಸೋದರಮಾವನ ಮಗನ ಗೃಹಪ್ರವೇಶಕ್ಕೆ ಹೋಗಬೇಕಾಯಿತು. ಪದ್ಮ ಮೊಣಕಾಲು ನೋವೆಂದು ಮನೆಯಲ್ಲೇ ಉಳಿದಳು. ಸಂಜೆ ನಾನು ಹಿಂದಿರುಗಿದಾಗ ನಡುಮನೆಯಲ್ಲಿ ಒಂದು ಕರಡಿಮರಿ ಇಂಗ್ಲಿಷಿನಲ್ಲಿ ಹಾಡುತ್ತಿತ್ತು. ಎದುರಿಗೆ ಪದ್ಮ ಕೈಕಟ್ಟಿ ಕೂತಿದ್ದಳು.

“ಏನೇ ಇದು?”

“ನನಗೇನ್ ಗೊತ್ತು? ಬೆಳಿಗ್ಗೆಯಿಂದ ಒತ್ತಿ ಒತ್ತಿ ಬೆರಳು ನೋವು ಬಂತು. ಎಲ್ಲಿ ಮುಟ್ಟಿದ್ರೂ ‘ಬಟನ್, ಬಟನ್, ಬಟನ್’ ಅನ್ನುತ್ತೆ. ಯಾವ ಬಟನ್ನು ಅಂತ ಹೇಳಲ್ಲ. ಒಂದನ್ನ ಒತ್ತಿದೆ, ತೆಲುಗು ಆಯ್ತು. ಹೋಗ್ಲಿ, ಅದು ನನಗೆ ಬರುತ್ತೆ. ಇನ್ನೊಂದನ್ನ ಒತ್ತಿದೆ, ಎಲ್ಲರೂ ಓಡೋ ಹಾಗೆ ಮಾತಾಡಿದ್ರು. ಮೂರನೇದು ಒತ್ತಿದ್ಮೇಲೆ ಈ ಕರಡಿ ಬಂತು. ಹೋಗ್ತಾನೇ ಇಲ್ಲ.”

ನೋಡಿದರೆ ಆ್ಯಪು ಮಕ್ಕಳ ವಿಭಾಗಕ್ಕೆ ಹೋಗಿ ಬೀಗ ಹಾಕಿಕೊಂಡಿತ್ತು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವಳೂ ನಕ್ಕಳು. ಆದರೆ ಅವಳ ನಗು ನನ್ನದಕ್ಕಿಂತ ಬೇಗ ನಿಂತಿತು. “ಹತ್ತನೇ ಕ್ಲಾಸಿಗೆ ಜ್ಯಾಮಿತಿ ಹೇಳ್ಕೊಟ್ಟೋಳು ನಾನು, ಒಂದು ತ್ರಿಕೋನ ಹುಡುಕಕ್ಕೆ ಆಗ್ಲಿಲ್ಲ ನೋಡಿ,” ಎಂದು ಎದ್ದು ಅಡುಗೆಮನೆಗೆ ಹೋದಳು.

ಮಾರನೆಯ ದಿನ ನಾನೇ ಕೊನೆಯ ಕಂತನ್ನು ಹಾಕಿ ತೋರಿಸಿದೆ, ಎಂದರೆ, ಹೇಳಿದೆ. ಕೊನೆಯ ದೃಶ್ಯದಲ್ಲಿ ತಂಗಿ ಅಂಗಡಿಯ ಡಬ್ಬಗಳನ್ನೆಲ್ಲ ಇಳಿಸಿ, ಒಂದೊಂದರ ಕೊರಳಿಗೂ ಬೇರೆ ಬೇರೆ ಗಂಟಿನ ದಾರ ಕಟ್ಟಿ, ಅಕ್ಕನ ಕೈಯನ್ನು ಹಿಡಿದು ಆ ಗಂಟುಗಳ ಮೇಲೆ ಇಡುತ್ತಾಳೆ. ಒಂದು ಮಾತೂ ಇಲ್ಲ.

“ಏನೋ ಡಬ್ಬದ ಸದ್ದು ಕೇಳ್ತಿದೆಯಲ್ಲ?” ಎಂದಳು ಪದ್ಮ.

“ತಂಗಿ ಅಂಗಡಿ ಶುಚಿ ಮಾಡುತ್ತಿದ್ದಾಳೆ” ಎಂದೆ.

“ಇಷ್ಟು ದಿನ ನೋಡಿದ್ದಕ್ಕೆ ಕೊನೇಲಿ ಅಂಗಡಿ ತೊಳೆದ್ರಾ? ಏನ್ ಕಥೆನೋ ಏನೋ!” ಎಂದು ಅವಳು ಮುಖ ಕಿವುಚಿದಳು. ನಾನು ನಿರ್ದೇಶಕನ ಮೇಲೆ ತಪ್ಪು ಹೊರಿಸಿ ಸುಮ್ಮನಾದೆ.

ಪದ್ಮ ಸುಮ್ಮನಾಗಲಿಲ್ಲ. ಆ್ಯಪಿನ ಕಂಪನಿಗೆ ಪತ್ರ ಬರೆದಳು. ತಾನು ಶಿಡ್ಲಘಟ್ಟದಲ್ಲಿ ಟೀಚರಾಗಿದ್ದವಳೆಂದೂ, ಕಣ್ಣು ಕಾಣುವುದಿಲ್ಲವೆಂದೂ, ಅವರ ಪರದೆಯ ಮೇಲೆ ಹೆಸರಿಲ್ಲದ ಬಟನ್ನುಗಳು ಇಷ್ಟಿವೆಯೆಂದೂ, ಚಿತ್ರ ಓಡುವಾಗ ಅವು ಮೂರೇ ಕ್ಷಣದಲ್ಲಿ ಮಾಯವಾಗುವುದರಿಂದ ಬೆರಳು ಹುಡುಕಿಕೊಂಡು ಹೋಗುವಷ್ಟರಲ್ಲಿ ಅಲ್ಲಿ ಏನೂ ಇರುವುದಿಲ್ಲವೆಂದೂ, ಒಂದೂ ವಿಶೇಷಣವಿಲ್ಲದೆ ಬರೆದಳು. ನಾಲ್ಕು ದಿನದ ಮೇಲೆ ಉತ್ತರ ಬಂತು: ತಮ್ಮ ತೊಂದರೆಗೆ ವಿಷಾದಿಸುತ್ತೇವೆ, ದಯವಿಟ್ಟು ಸ್ಕ್ರೀನ್‌ಶಾಟ್ ಕಳಿಸಿ.

“ಕೊಡು, ತೆಗೆದುಕೊಡುತ್ತೇನೆ” ಎಂದು ನಾನು ಕೈಚಾಚಿದೆ. ಪರದೆಯ ಚಿತ್ರ ತೆಗೆಯುವುದು ನನಗೂ ಅಷ್ಟೇನೂ ಬರುವುದಿಲ್ಲ. ಆದರೂ ಉಪಕಾರದ ಉತ್ಸಾಹ.

“ಬ್ಯಾಡ. ನಿಮ್ಮ ಕಣ್ಣಿಗೆ ಕಾಣೋದನ್ನ ಕಳ್ಸಿ ಏನ್ ಪ್ರಯೋಜನ? ಅದು ಚೆನ್ನಾಗೇ ಕಾಣುತ್ತೆ,” ಎಂದವಳೇ ಬೆರಳು ಸರಿಸುತ್ತ ಆ ಧ್ವನಿಯನ್ನು ಎರಡು ನಿಮಿಷ ರೆಕಾರ್ಡ್ ಮಾಡಿದಳು. ಬಟನ್, ಬಟನ್, ಬಟನ್, ಬಟನ್. ಅದನ್ನು ಕಳಿಸಿ ಕೆಳಗೆ ಒಂದೇ ಸಾಲು ಬರೆದಳು: ‘ನನ್ನ ಸ್ಕ್ರೀನ್‌ಶಾಟ್ ಇದೇ.’

ಪ್ರಬಂಧಗಳೆಂದು ನಾಲ್ಕು ಪುಸ್ತಕ ಪ್ರಕಟಿಸಿರುವ ನಾನು ಇಷ್ಟು ಒಳ್ಳೆಯ ಒಂದು ವಾಕ್ಯವನ್ನು ಬರೆದ ನೆನಪಿಲ್ಲ.

ವಾರದೊಳಗೆ ಫೋನು ಬಂತು. ಮಾತಾಡಿದವಳು ತಬಸ್ಸುಮ್ ಎಂಬ ಇಂಜಿನಿಯರ್. “ಮೇಡಂ, ನಂದೂ ಶಿಡ್ಲಘಟ್ಟನೇ. ಅದಕ್ಕೇ ನಿಮ್ಮ ಕಂಪ್ಲೇಂಟ್ ಕಣ್ಣಿಗೆ ಬಿತ್ತು. ಆಡಿಯೋ ಕೇಳ್ದೆ. ಮೀಟಿಂಗಲ್ಲಿ ಎಲ್ಲರಿಗೂ ಪೂರ್ತಿ ಎರಡು ನಿಮಿಷ ಕೇಳಿಸ್ದೆ. ಭಾನುವಾರ ನಾನಿ, ಅಂದ್ರೆ ನಮ್ಮಜ್ಜಿ ಮನೆಗೆ ಬರ್ತಿದೀನಿ, ದಾರೀಲಿ ನಿಮ್ಮ ಮನೆಗೆ ಬರ್ಲಾ?”

ಭಾನುವಾರ ಬೆಳಿಗ್ಗೆ ರೈಲಿಳಿದು ಬಂದಳು. ಅವರೆಕಾಳಿನ ಉಪ್ಪಿಟ್ಟು ತಿನ್ನಿಸಿದ ಮೇಲೆ ಪದ್ಮ ತನ್ನ ಮೊಬೈಲಿನ ಪರದೆಯನ್ನು ಪೂರ್ತಿ ಕಪ್ಪಾಗಿಸಿ, ಧ್ವನಿಯನ್ನು ನಿಧಾನಕ್ಕಿಟ್ಟು, ಅವಳ ಕೈಗೆ ಕೊಟ್ಟಳು. “ತಗೋ ಕಣಮ್ಮ, ನೀನೇ ಮಾಡಿರೋದಲ್ವಾ? ಒಂದು ಸಿನಿಮಾ ಹಾಕು ನೋಡಣ.”

ಹುಡುಗಿ ಬೆರಳಾಡಿಸಿದಳು. ಹಣೆಯಲ್ಲಿ ಬೆವರು ಮೂಡಿತು. ಕಾಲು ಗಂಟೆಯಾದ ಮೇಲೆ ನಮ್ಮ ಮನೆಯಲ್ಲಿ ಮತ್ತೆ ಆ ಕರಡಿಮರಿ ಹಾಡತೊಡಗಿತು. ತಬಸ್ಸುಮ್ ಮೊಬೈಲನ್ನು ಮಡಿಲಲ್ಲಿಟ್ಟುಕೊಂಡು, “ಸಾರಿ ಮೇಡಂ,” ಎಂದಳು. ಪತ್ರದಲ್ಲಿದ್ದ ವಿಷಾದಕ್ಕೂ ಇದಕ್ಕೂ ಬಹಳ ವ್ಯತ್ಯಾಸವಿತ್ತು.

“ಸಾರಿ ಯಾಕಮ್ಮ, ಬರ್ಕೋ,” ಎಂದು ಪದ್ಮ ಶುರುಮಾಡಿಯೇಬಿಟ್ಟಳು. ಪ್ರತಿ ಬಟನ್ನಿಗೂ ಹೆಸರು ಬೇಕು. ಪ್ರತಿ ಚಿತ್ರ ಮುಟ್ಟಿದಾಗಲೂ ಆ ಸಿನಿಮಾದ ಹೆಸರು ಓದಿ ಹೇಳಬೇಕು. ತಾನು ಮುಚ್ಚುವವರೆಗೂ ಬಟನ್ನುಗಳು ಪರದೆಯ ಮೇಲೆ ನಿಂತಿರಬೇಕು. ಮಧ್ಯಾಹ್ನದವರೆಗೆ ನಮ್ಮ ನಡುಮನೆ ಹೈಸ್ಕೂಲಾಗಿತ್ತು. ಎಷ್ಟೋ ವರ್ಷಗಳ ಮೇಲೆ ಆ ಕಂಠವನ್ನು ಕೇಳುತ್ತ ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ.

ಹೊರಡುವಾಗ ತಬಸ್ಸುಮ್, “ಮಾತಿಲ್ಲದ ಸೀನಲ್ಲಿ ಏನಾಗ್ತಿದೆ ಅಂತ ಹೇಳೋ ಧ್ವನಿವಿವರಣೆ ಅಂತ ಬರುತ್ತೆ ಮೇಡಂ. ಕನ್ನಡದಲ್ಲೂ ಮಾಡಣ ಅಂತಿದೀವಿ. ಮೊದಲು ಯಾವ್ದಕ್ಕೆ ಮಾಡ್ಲಿ?” ಎಂದಳು.

ಪದ್ಮ ಯೋಚಿಸಲೇ ಇಲ್ಲ. ಅಕ್ಕತಂಗಿಯರ ಧಾರಾವಾಹಿಯ ಹೆಸರು ಹೇಳಿ, “ಕೊನೇಲಿ ಆ ಅಂಗಡಿ ಯಾಕೆ ತೊಳೀತಾರೆ ಅಂತ ನನಗೆ ಬಗೆಹರೀಲೇ ಇಲ್ಲ ಕಣಮ್ಮ,” ಎಂದಳು. ತಬಸ್ಸುಮ್ ನನ್ನ ಮುಖ ನೋಡಿದಳು. ನಾನು ಕಿಟಕಿಯಾಚೆ ನಂದಿಬೆಟ್ಟವನ್ನು ನೋಡಿದೆ.

ಮುಂದೆ ನಡೆದದ್ದು ಇನ್ನೂ ಪೇಚಿನದು. ಬರೆದ ವಿವರಣೆಯ ಕನ್ನಡವನ್ನು ತಿದ್ದಿಕೊಡಲು ತಬಸ್ಸುಮ್ ಅದನ್ನು ಕಳಿಸಿದ್ದು ನನಗೇ. ‘ಅಕ್ಕ ಗೋಡೆ ಸವರುತ್ತ ನಡೆಯುತ್ತಾಳೆ. ಹೊಸ್ತಿಲು ಎಡವುತ್ತಾಳೆ. ತಂಗಿ ನೋಡುತ್ತಾಳೆ, ಮಾತಾಡುವುದಿಲ್ಲ.’ ನನ್ನ ಕೈಯಲ್ಲಿ ಪೆನ್ನಿತ್ತು. ಗೋಡೆ ಸವರುವುದನ್ನು ಹೊಡೆದುಹಾಕಿ ‘ಅಕ್ಕ ಒಳಗೆ ಹೋಗುತ್ತಾಳೆ’ ಎಂದು ಬರೆದರೆ ಯಾರು ಕೇಳುತ್ತಿದ್ದರು? ಬಹಳ ಹೊತ್ತು ಕೂತಿದ್ದೆ. ಒಳಕೋಣೆಯಲ್ಲಿ ಪದ್ಮ ಫೋನಿನಲ್ಲಿ ತಂಗಿಗೆ ತೆಲುಗಿನಲ್ಲಿ ಏನೋ ಹೇಳಿ ನಗುತ್ತಿದ್ದಳು. ಕೊನೆಗೆ ಎರಡು ಕಾಗುಣಿತದ ತಪ್ಪುಗಳನ್ನು ತಿದ್ದಿ, ಉಳಿದದ್ದನ್ನು ಇದ್ದ ಹಾಗೇ ಹಿಂದಕ್ಕೆ ಕಳಿಸಿದೆ. ನನ್ನ ಜೀವನದಲ್ಲಿ ನಾನು ಕೈಯಾಡಿಸದೆ ಬಿಟ್ಟ ಮೊದಲ ಗದ್ಯ ಅದು.

ಕೆಲವು ತಿಂಗಳುಗಳ ಮೇಲೆ, ಒಂದು ಮಧ್ಯಾಹ್ನ, ಆ್ಯಪಿನ ಹೊಸ ರೂಪ ಬಂತು. ‘ಪ್ಲೇ, ಬಟನ್.’ ‘ಹತ್ತು ಸೆಕೆಂಡ್ ಹಿಂದಕ್ಕೆ, ಬಟನ್.’ ಪದ್ಮ ಪ್ರತಿಯೊಂದರ ಮೇಲೂ ಬೆರಳಿಟ್ಟು ಹಾಜರಿ ಕರೆದಂತೆ ಕೇಳಿಸಿಕೊಂಡಳು. ಧ್ವನಿವಿವರಣೆಯೊಂದಿಗೆ ಆ ಧಾರಾವಾಹಿ ಮೊದಲಿಂದ ಶುರುವಾಯಿತು. ನಾನು ಪಕ್ಕದಲ್ಲಿ ಪತ್ರಿಕೆ ಹಿಡಿದು ಕೂತೆ. ಒಂದಕ್ಷರವೂ ತಲೆಗೆ ಹೋಗಲಿಲ್ಲ. ನನ್ನ ಕೆಲಸ ಹೋಗಿತ್ತು. ಅದಕ್ಕಿಂತ ಹೆಚ್ಚಾಗಿ, ಮೂರನೆಯ ಕಂತು ಹತ್ತಿರ ಬರುತ್ತಿತ್ತು.

ಬಂದೇ ಬಂತು. ಅಕ್ಕ ಗೋಡೆ ಸವರುತ್ತ ನಡೆದಳು. ಪದ್ಮ ಎರಡು ಬೆರಳಿಂದ ತಟ್ಟಿ ನಿಲ್ಲಿಸಿದಳು.

“ಇದನ್ನ ನೀವು ಹೇಳಿರಲಿಲ್ಲ.”

“ಇಲ್ಲ.”

“ಯಾಕ್ರೀ?”

“ನೀನು ನೊಂದ್ಕೋತೀಯ ಅಂತ.”

ಅವಳು ಮೊಬೈಲಿನ ಅಂಚನ್ನು ಸವರಿದಳು. “ನಾನು ನೊಂದ್ಕೊಳ್ಳೋದನ್ನೂ ನೀವೇ ನೋಡ್ಕೊಂಡ್ಬಿಟ್ರೆ, ನನಗೆ ಅಂತ ಏನ್ ಉಳೀತು ಹೇಳಿ?”

ಅಲಂಕಾರಶಾಸ್ತ್ರವನ್ನು ಅರೆದು ಕುಡಿದ ನಾನು ಪತ್ರಿಕೆಯನ್ನು ಮಡಿಸಿ ಪಕ್ಕಕ್ಕಿಟ್ಟೆ. “ತಪ್ಪಾಯ್ತು ಕಣೇ” ಎಂದೆ. ಅವಳು ಹೂಂಗುಟ್ಟಿ ಮತ್ತೆ ಪ್ಲೇ ಒತ್ತಿದಳು. ಮೂರು ದಿನ, ದಿನಕ್ಕೆ ನಾಲ್ಕು ಕಂತಿನಂತೆ ನೋಡಿದಳು. ಕೊನೆಯಲ್ಲಿ ತಂಗಿ ಡಬ್ಬಗಳಿಗೆ ದಾರ ಕಟ್ಟಿ ಅಕ್ಕನ ಕೈಯನ್ನು ಅವುಗಳ ಮೇಲಿಟ್ಟಾಗ ಪದ್ಮ ಅತ್ತಳು. ಹತ್ತು ಸೆಕೆಂಡ್ ಹಿಂದಕ್ಕೆ ಸರಿಸಿ ಮತ್ತೆ ಅತ್ತಳು. ಸೆರಗಿನಿಂದ ಮುಖ ಒರೆಸಿಕೊಂಡಾಗ, ಹೊಟ್ಟೆ ತುಂಬ ಉಂಡೆದ್ದವರ ನೆಮ್ಮದಿ ಆ ಮುಖದಲ್ಲಿತ್ತು. ನಾನೂ ಅತ್ತಿದ್ದೆನೆಂಬುದನ್ನು ಯಾವ ವಿವರಣೆಯೂ ಹೇಳಲಿಲ್ಲ. ಆದರೂ ಅವಳಿಗೆ ಗೊತ್ತಾಗಿತ್ತು. ಸೆರಗಿನ ಇನ್ನೊಂದು ಅಂಚನ್ನು ನನ್ನತ್ತ ಚಾಚಿದಳು.

ಆಮೇಲೆ ಕಾಫಿ ಕುಡಿಯುತ್ತ ಹೇಳಿದಳು: “ಕಥೆ ಚೆನ್ನಾಗಿದೆ. ಆದ್ರೆ ಆ ಅಕ್ಕ ತನ್ನ ಅಡುಗೆಮನೇಲೇ ಅಷ್ಟೊಂದು ಎಡವೋದು ಸುಳ್ಳು. ಇಪ್ಪತ್ತು ವರ್ಷ ಓಡಾಡಿದ ಮನೇಲಿ ಯಾರು ಎಡವ್ತಾರೆ? ನಾನು ಎಡವೋದು ನೀವು ಚಪ್ಪಲಿ ದಾರೀಲಿ ಬಿಟ್ಟಾಗ ಮಾತ್ರ. ಇರಿ, ಆ ಧಾರಾವಾಹಿ ತೆಗೆದವನಿಗೇ ಬರೀತೀನಿ.”

ಲೋಟ ಪಕ್ಕಕ್ಕಿಟ್ಟು ಬರೆಯತೊಡಗಿದಳು. ನಾನು ಬಾಗಿಲ ಬಳಿಗೆ ಹೋಗಿ ಚಪ್ಪಲಿಗಳನ್ನು ಗೋಡೆಯ ಬದಿಗೆ ಸರಿಸುತ್ತಿದ್ದೆ. ಹಿಂದಿನಿಂದ ಕೂಗಿದಳು: “ರೀ, ನಿರ್ದೇಶಕ ಅನ್ನಕ್ಕೆ ಯಾವ ಶ? ಇದು ಎರಡನ್ನೂ ಒಂದೇ ಥರ ಓದುತ್ತೆ.”

“ಷಟ್ಕೋನದ್ದಲ್ಲ, ಶಂಕರನದ್ದು” ಎಂದು ನಾನು ತರಗತಿಗೆಲ್ಲ ಕೇಳುವ ಹಾಗೆ ಹೇಳಿದೆ.