ಹಾಕದೆ ಉಳಿದ ಕೊಬ್ಬರಿ ಹಾರ

ಹೊಸ ಕಾಯಿ ತುಂಬುವ ಮುಂಚೆ ಅಟ್ಟ ಗುಡಿಸೋಣವೆಂದು ಹತ್ತಿದ್ದೆ. ಮೂಲೆಯಲ್ಲಿದ್ದ ಗೋಣಿಚೀಲದಿಂದ ಕಮಟು ವಾಸನೆ ಮೂಗಿಗೆ ಬಡಿಯಿತು. ಬಿಚ್ಚಿದರೆ ಕೊಬ್ಬರಿ ಹಾರ. ಅರ್ಧ ಹುಳ ತಿಂದಿದೆ, ಅರ್ಧ ಇಲಿ. ಯಾರಿಗೆಂದು ಪೋಣಿಸಿದ್ದು ಎಂದು ಯೋಚಿಸಬೇಕಾಗಲಿಲ್ಲ... ಎದುರು ಮನೆಯವನಿಗೆ.

ನಮ್ಮ ತಿಪಟೂರು ಸೀಮೆಯಲ್ಲಿ ದೊಡ್ಡವರು ಬಂದರೆ ಹೂವಿನ ಹಾರ ಸಾಲದು, ಕೊಬ್ಬರಿ ಹಾರವೇ ಆಗಬೇಕು. ಮಂತ್ರಿಗಳಿಗೆ ಹಾಕಿದ್ದೇವೆ, ಸ್ವಾಮಿಗಳಿಗೆ ಹಾಕಿದ್ದೇವೆ. ಅವನಿಗೂ ಒಂದು ಸಲ ಹಾಕಿದೆವು, ದೇಶದ ಹಾಕಿ ತಂಡಕ್ಕೆ ಆಯ್ಕೆಯಾದಾಗ.

ತೆಂಗಿನ ಗರಿಯ ಬುಡ ಕೆತ್ತಿ ಸ್ಟಿಕ್ ಮಾಡಿಕೊಂಡು ಆಟ ಕಲಿತವನು. ಚೆಂಡು ಸಿಕ್ಕರೆ ಮೂರು ಜನರನ್ನಾದರೂ ದಾಟದೆ ಬಿಡುತ್ತಿರಲಿಲ್ಲ. ದೇಶದ ತಂಡದ ಕೋಚ್‌ಗೆ ಅದೇ ಆಗದು. ಚೆಂಡು ಬಂದ ತಕ್ಷಣ ಪಾಸ್ ಕೊಡಬೇಕು, ಇಟ್ಟುಕೊಂಡರೆ ಆಚೆ. ಎರಡು ವರ್ಷದಲ್ಲಿ ಅವನು ಆಡಿದ್ದನ್ನೆಲ್ಲ ಕೂಡಿಸಿದರೂ ಸಿನಿಮಾದ ಇಂಟರ್‌ವಲ್‌ನಷ್ಟು ಹೊತ್ತಾಗದು. ಉಳಿದದ್ದೆಲ್ಲ ಬೆಂಚು. ಕೈಯಲ್ಲಿ ಕಲೆ ಇರುವವನನ್ನು ಕೈಕಟ್ಟಿ ಕೂರಿಸುವುದಕ್ಕೆ ಅಷ್ಟು ದೂರ ಕರೆದುಕೊಂಡು ಹೋಗಬೇಕಿತ್ತೇ? ಈಗಲೂ ನೆನೆದರೆ ಮೈ ಉರಿಯುತ್ತದೆ.

ಆಮೇಲೆ ಆಟಗಾರರನ್ನು ಹರಾಜಿನಲ್ಲಿ ಕೊಳ್ಳುವ ಹಾಕಿ ಲೀಗ್ ಬಂತು. ಅವನನ್ನು ಕೊಂಡ ತಂಡದ ಕೋಚ್, ಚೆಂಡು ನಿನ್ನದು, ನಿನಗೆ ತೋಚಿದ್ದು ಮಾಡು ಎಂದರಂತೆ. ಫೈನಲ್ ಪಂದ್ಯವನ್ನು ನನ್ನ ಕೊಬ್ಬರಿ ಮಂಡಿಯ ಟಿವಿಯಲ್ಲಿ ನೋಡಿದೆ. ದೇಶದ ತಂಡದಲ್ಲಿ ಪ್ರತಿ ಪಂದ್ಯವೂ ಆಡುತ್ತಿದ್ದ ಇಬ್ಬರು ಎದುರಾಳಿಗಳಾಗಿದ್ದರು. ಇಬ್ಬರನ್ನೂ ದಾಟಿ ಗೋಲು ಹೊಡೆದ. ನಾನು ಕೂತಲ್ಲೇ ಅತ್ತುಬಿಟ್ಟೆ. ಅವತ್ತೇ ಒಳ್ಳೆಯ ಉಂಡೆ ಕೊಬ್ಬರಿ ಆರಿಸಿ, ಜಗಲಿಯ ಮೇಲೆ ಕೂತು ಹಾರ ಪೋಣಿಸಿದೆ.

ಅವನು ಊರಿಗೆ ಬರುವ ದಿನ ಯುವಕ ಸಂಘದ ಅಧ್ಯಕ್ಷರು ನನ್ನನ್ನು ಕರೆಸಿದರು. "ದೇಶಕ್ಕೆ ಆಡ್ದೋರ್ಗೆ ಮಾತ್ರ ಹಾರ ಕಣ್ರೀ. ಇದು ದುಡ್ಡಿನ್ ಆಟ," ಅಂದರು. ಹೇಳಿದವರು ಯಾರು? ರೇಟು ಚೂರು ಇಳಿದರೆ ಮಾರುಕಟ್ಟೆಯನ್ನೇ ತಲೆಯ ಮೇಲೆ ಹೊತ್ತುಕೊಳ್ಳುವ ಕೊಬ್ಬರಿ ವ್ಯಾಪಾರಿ. ಕೇಳಿಸಿಕೊಂಡ ನಾನೂ ಅದೇ ವ್ಯಾಪಾರಿ. ಕೊಬ್ಬರಿ ಹರಾಜಾದರೆ ವ್ಯಾಪಾರ, ಆಟಗಾರ ಹರಾಜಾದರೆ ಪಾಪ. ಇದನ್ನೆಲ್ಲ ಈಗ ಬರೆಯುತ್ತೇನೆ, ಅವತ್ತು ಆಗಲಿ ಎಂದು ತಲೆಯಾಡಿಸಿದೆ. ಮನೆಗೆ ಬಂದು ಹಾರವನ್ನು ಚೀಲಕ್ಕೆ ತುಂಬಿ ಅಟ್ಟಕ್ಕೆ ಹಾಕಿದೆ.

ಮಾರನೆಯ ದಿನ ಬೆಳಿಗ್ಗೆ ಅವನೇ ಬಂದು ಜಗಲಿಯ ಮೇಲೆ ಕೂತ. ಕಾಫಿ ಕೊಟ್ಟೆ. ಮಳೆ, ಬೆಳೆ, ದಬ್ಬೇಘಟ್ಟದ ನೆಂಟರು ಎಂದು ಏನೇನೋ ಮಾತಾಡಿದೆವು. ಏಳುವ ಹೊತ್ತಿಗೆ ಕೇಳಿದ.

"ಅಣ್ಣಾ, ಬೆಂಚ್ ಮ್ಯಾಲೆ ಕುಂತಿದ್ದಕ್ಕೆ ಹಾರ ಹಾಕುದ್ರಿ. ಆಡ್ದಾಗ ಯಾಕ್ ಹಾಕ್ಲಿಲ್ಲ?"

"ದುಡ್ಡಿಗೆ ಆಡಿದ್ದು ಕಣ್ಲಾ ಅದು," ಅಂದುಬಿಟ್ಟೆ.

ಮಾತು ಅಧ್ಯಕ್ಷರದು, ಬಾಯಿ ನನ್ನದು. ಅವನು ಸುಮ್ಮನೆ ನಕ್ಕು, ಲೋಟ ಕೆಳಗಿಟ್ಟು ಹೋದ... ಮತ್ತೆ ನಮ್ಮ ಜಗಲಿ ಹತ್ತಲಿಲ್ಲ.

ಕೆಲವು ವರ್ಷಕ್ಕೆ ಲೀಗೂ ನಿಂತಿತು. ಅವನು ದೂರದ ಊರಲ್ಲಿ ಕೆಲಸಕ್ಕೆ ಸೇರಿ, ಹೋದ ವರ್ಷ ಕಾಮಾಲೆಯಾಗಿ ತೀರಿಕೊಂಡ. ಬಸ್ ಸ್ಟ್ಯಾಂಡಿನಲ್ಲಿ ಸಂಘದವರು ಕಟ್ಟಿಸಿದ ಶ್ರದ್ಧಾಂಜಲಿ ಫ್ಲೆಕ್ಸಿನಲ್ಲೂ ದೇಶದ ಜರ್ಸಿಯ ಫೋಟೋವೇ. ಅದರಲ್ಲಿ ಅವನು ಬೆಂಚಿನ ಮೇಲೆ ಕೂತಿದ್ದ. ಆಡುತ್ತಿರುವ ಒಂದು ಫೋಟೋ ಹುಡುಕುವಷ್ಟು ಪುರುಸೊತ್ತು ಈ ಊರಿಗೆ ಇರಲಿಲ್ಲ.

ಇವತ್ತು ಆ ಹಾರ ಹಿಡಿದು ರಸ್ತೆ ದಾಟಿದೆ. ಬಾಗಿಲಲ್ಲಿ ಅವನ ಅಕ್ಕ ಇದ್ದಳು. ವಾಸನೆಗೆ ಸೆರಗನ್ನು ಮೂಗಿಗೆ ಹಿಡಿದಳು. ಯಾವಾಗ ಪೋಣಿಸಿದ್ದು, ಯಾಕೆ ಹಾಕಲಿಲ್ಲ, ಎಲ್ಲ ಹೇಳಿದೆ. ಬೈಯಲಿ ಎಂದುಕೊಂಡೇ ಹೋಗಿದ್ದೆ. ಬೈಯಲಿಲ್ಲ.

"ನೀವು ಹಾರ ಪೋಣ್ಸದ್ನ ನಾನೇ ನೋಡಿ ಅವ್ನಿಗೆ ಫೋನ್ ಮಾಡಿ ಹೇಳಿದ್ದೆ ಕಣಣ್ಣ," ಅಂದಳು. "ಅದ್ಕೇ ಅವತ್ತು ಬೆಳಗ್ಗೆನೇ ನಿಮ್ಮನೇಗ್ ಬಂದಿದ್ದ."

ಹಾರ ಹಿಡಿದುಕೊಂಡೇ ವಾಪಸು ಬಂದೆ. ಜಗಲಿಯ ಮೇಲಿದೆ, ಅವನು ಕೂತಿದ್ದ ಜಾಗದಲ್ಲಿ.